ಅರ್ಧ ಕಂಡ ಫೋಮ್

ನದಿ ದಂಡೆಯ ಆಶ್ರಮಕ್ಕೆ ಒಂದು ಆಸ್ಪತ್ರೆಯಿತ್ತು. ಅದರ ಹಿಂಬದಿಯ ಪ್ರಯೋಗಶಾಲೆಯಲ್ಲಿ ವಾರಿಜಮ್ಮ ಪಾಲಿಮರ್ ಫೋಮ್ ಮಾಡುವುದನ್ನು ಕಲಿಸುತ್ತಿದ್ದರು. ಉಮಾಪತಿ ಅವರ ಶಿಷ್ಯ.

ಆ ಫೋಮಿಗೆ ತನ್ನ ಆಕಾರದ ನೆನಪಿತ್ತು. ಹಿಸುಕಿ ದಾರದಷ್ಟು ಸಣ್ಣಗೆ ಮಾಡಿ ನಳಿಗೆಯಲ್ಲಿ ತೂರಿಸಿದರೆ, ಮೈಯ ಬಿಸಿ ತಾಗಿದ್ದೇ ಅರಳಿ ಮೊದಲಿನಂತಾಗುತ್ತಿತ್ತು. ತಲೆಯೊಳಗಿನ ರಕ್ತನಾಳ ಬಲೂನಿನಂತೆ ಉಬ್ಬಿ ಒಡೆಯುವ ಹಾಗಾದಾಗ, ಆ ಉಬ್ಬನ್ನು ಒಳಗಿನಿಂದಲೇ ತುಂಬಿ ಜೀವ ಉಳಿಸಲು ಅದು ಬೇಕಿತ್ತು.

ತೊಡಕು ಒಂದೇ. ಎಕ್ಸ್-ರೇಗೆ ಅದು ಕಾಣುತ್ತಿರಲಿಲ್ಲ.

"ಕಾಣದ್ದನ್ನು ನಾನು ಯಾರ ತಲೆಯೊಳಗೂ ಬಿಡೋದಿಲ್ಲಮ್ಮ," ಎಂದಿದ್ದರು ಆಸ್ಪತ್ರೆಯ ಡಾಕ್ಟರ್ ಲತೀಫ್.

ಉಮಾಪತಿ ಫೋಮಿಗೆ ಟಂಗ್‌ಸ್ಟನ್ ಲೋಹದ ಪುಡಿ ಬೆರೆಸಿದ. ಹೆಚ್ಚಾದರೆ ಫೋಮ್ ಅರಳುವುದನ್ನೇ ಮರೆಯುತ್ತಿತ್ತು. ಕಡಿಮೆಯಾದರೆ ಕಾಣುತ್ತಿರಲಿಲ್ಲ. ಕೊನೆಗೊಂದು ದಿನ ಪರದೆಯ ಮೇಲೆ ಬೆಳ್ಳಗೆ ಕಂಡಿತು.

ಅವನು ಓಡಿಬಂದ. "ಅಮ್ಮಾ, ಕಾಣ್ತಿದೆ! ಡಾಕ್ಟರಿಗೆ ಹೇಳಿಬಿಡ್ಲಾ?"

"ಎಷ್ಟು ಕಾಣ್ತಿದೆ?"

"ಹಾಲಿನಷ್ಟು ಬೆಳ್ಳಗೆ!"

"ನಾನು ಬಿಳುಪು ಕೇಳಲಿಲ್ಲ," ಎಂದರು ವಾರಿಜಮ್ಮ. "ಬಾ."

ಗಾಜಿನಲ್ಲಿ ಮಾಡಿದ ರಕ್ತನಾಳವೊಂದಿತ್ತು. ಪಕ್ಕದಲ್ಲಿ ಒಂದು ಉಬ್ಬು, ಒಳಗೆ ಹರಿಯುವ ಬಿಸಿನೀರು. ಅವರು ಅದರ ಮೇಲೆ ಬಟ್ಟೆ ಹೊದಿಸಿದರು. ಎಕ್ಸ್-ರೇ ಮೈಗೆ ತಾಗದಂತೆ ಇಬ್ಬರೂ ಸೀಸದ ಅಂಗಿ ತೊಟ್ಟುಕೊಂಡರು. ವಾರಿಜಮ್ಮ ನಳಿಗೆಯನ್ನು ಅವನ ಕೈಗಿತ್ತರು.

"ಈಗ ನೀನೇ ಡಾಕ್ಟರು. ಎಕ್ಸ್-ರೇ ಪರದೆ ನೋಡಿಕೊಂಡು ಬಿಡು."

ಬಿಳಿ ಗೆರೆ ಪೂರ್ತಿ ಉಬ್ಬಿನೊಳಗೆ ಸೇರುವವರೆಗೂ ಅವನು ತಳ್ಳಿದ. ಬಿಟ್ಟ. ಅದು ಅರಳಿತು. ಅವನ ಮುಖವೂ ಅರಳಿತು.

"ಎಲ್ಲಾ ಒಳಗಿದೆಯಾ?"

"ಎಲ್ಲಾ ಒಳಗಿದೆ ಅಮ್ಮಾ."

"ಬಟ್ಟೆ ತೆಗಿ."

ಫೋಮಿನ ಅರ್ಧ ಉಬ್ಬಿನೊಳಗಿತ್ತು. ಇನ್ನರ್ಧ ಹೊರಗೆ, ಮುಖ್ಯ ನಾಳದಲ್ಲಿ ಅರಳಿ ಕೂತು ನೀರಿನ ದಾರಿಯನ್ನೇ ಕಟ್ಟಿಹಾಕಿತ್ತು.

ಉಮಾಪತಿ ಗಾಜಿನ ಹತ್ತಿರ ಬಗ್ಗಿ ನೋಡಿದ. ಫೋಮ್ ಗಟ್ಟಿಯಾಗುವ ಮುನ್ನವೇ ಭಾರದ ಪುಡಿ ತಳಕ್ಕಿಳಿದಿತ್ತು. ಒಂದು ತುದಿ ಬೆಳ್ಳಗೆ, ಇನ್ನೊಂದು ತುದಿ ಪರದೆಗೆ ಕಾಣದ ಬರೀ ನೊರೆ.

"ಇದು ಮನುಷ್ಯರಾಗಿದ್ದಿದ್ರೆ..." ಎಂದ.

"ಹೂಂ."

"ಏನೂ ಕಾಣದಿದ್ದಾಗಲೇ ವಾಸಿಯಿತ್ತಲ್ಲಮ್ಮ."

"ಏನೂ ಕಾಣದವನು ತಡಕಾಡ್ತಾ ನಡೀತಾನೆ," ಎಂದರು ವಾರಿಜಮ್ಮ. "ಅರ್ಧ ಕಂಡವನು ಓಡ್ತಾನೆ. ಗಾಜು ತೊಳೆದಿಡು."

ಮಳೆಗಾಲವೆಲ್ಲ ಅವನು ಅದೇ ಕೆಲಸದಲ್ಲಿದ್ದ. ಫೋಮಾಗುವ ದ್ರವವನ್ನು ಮೊದಲು ಮಂದ ಮಾಡಿಕೊಂಡು, ಪುಡಿಯನ್ನು ಕಡೆಗೆ ಹಾಕಿ, ನೊರೆ ಏಳುವ ಗಳಿಗೆಯವರೆಗೂ ಕೈಬಿಡದೆ ಕಲಕುವುದನ್ನು ಕಲಿತ. ಹೊಸ ಫೋಮ್ ಪರದೆಯ ಮೇಲೆ ಮಿಂಚಲಿಲ್ಲ. ಬೂದಿಯ ಬಣ್ಣ. ಆದರೆ ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣ.

ಮನುಷ್ಯರಿಗಿಂತ ಮೊದಲು ಒಂದು ಕುರಿಗೆ ಹಾಕಿ ನೋಡಬೇಕಿತ್ತು. ಅರಿವಳಿಕೆ ಕೊಟ್ಟು ಮಲಗಿಸಿದ ಕುರಿಯ ಕುತ್ತಿಗೆಯಲ್ಲಿ, ಪರೀಕ್ಷೆಗೆಂದೇ ಮಾಡಿದ ಒಂದು ಉಬ್ಬಿದ ನಾಳ. ಡಾಕ್ಟರ್ ಲತೀಫ್ ನಳಿಗೆ ಇಳಿಸಿದರು. ಉಮಾಪತಿ ನೋಡಲಾರದೆ ಗೋಡೆಗೆ ಮುಖ ಮಾಡಿ ನಿಂತ.

"ಫೋಮಿನ ಬಾಲ ಇನ್ನೂ ಹೊರಗಿದೆ," ಲತೀಫರು ತಮ್ಮಷ್ಟಕ್ಕೆ ಗೊಣಗಿದರು. "ಬಾರಪ್ಪಾ... ಇನ್ನೊಂಚೂರು... ಹಾಂ, ಬಂತು."

ಲತೀಫರು ಪರದೆಯಿಂದ ತಲೆಯೆತ್ತಿದರು.

"ಪೂರ್ತಿ ಒಳಗಿದೆ ವಾರಿಜಮ್ಮ. ರಕ್ತ ಸಲೀಸಾಗಿ ಹರೀತಿದೆ."

ಇಳಿಹೊತ್ತಿಗೆ ಕುರಿ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ಉಮಾಪತಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದು ಅಗಿಯುವುದನ್ನೇ ನೋಡಿದ. ಎದೆಯ ಮೇಲಿನ ಬಂಡೆ ಸರಿದಂತಾಗಿ ನಗುವೂ ಅಳುವೂ ಒಟ್ಟಿಗೆ ಬಂದವು.

ವಾರಿಜಮ್ಮ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಅಮ್ಮಾ, ಹೆದರಿ ಹೆದರಿ ಸಾಕಾಗಿದೆ," ಎಂದ ಅವನು ಕಣ್ಣೊರೆಸಿಕೊಂಡು. "ಇನ್ನು ಈ ಭಯ ಬಿಡಬಹುದಾ?"

"ಇವತ್ತು ಬಿಡು, ಹೊಟ್ಟೆ ತುಂಬ ಉಣ್ಣು. ನಾಳೆ ಮತ್ತೆ ಎತ್ತಿಕೋ. ಎಚ್ಚರ ತಪ್ಪಿ ಮಲಗಿದವರ ಪರವಾಗಿ ಹೆದರೋದಕ್ಕೆ ಬೇರೆ ಯಾರಿದ್ದಾರೆ?"