ಕಳ್ಳಿಹಣ್ಣಿನ ಹುದುಗು

"ವಾದದಲ್ಲಿ ನನ್ನೆದುರು ನಿಲ್ಲುವವರು ಮಠದಲ್ಲಿ ಒಬ್ಬರೂ ಉಳಿದಿಲ್ಲ, ಬುದ್ಧೀ. ಪಾಠ ಹೇಳುವ ಪೀಠವನ್ನು ನನಗೆ ಕೊಡಲು ಇನ್ನೂ ತಡವೇಕೆ?" ಎಂದು ಶಿಷ್ಯ ಗುರುಪಾದಯ್ಯ ಕೇಳಿದ.

ಗುರುಗಳು ನಕ್ಕರು. "ಅಬ್ಬಬ್ಬಾ, ಏನು ಅವಸರವಯ್ಯ ನಿನಗೆ! ಕೂತುಕೋ. ಒಂದು ಕತೆ ಕೇಳು, ಆಮೇಲೆ ಪೀಠದ ಮಾತು."

ಒಂದೂರಿನಲ್ಲಿ ರೊಟ್ಟಿ ಮಾಡಿ ಬದುಕುವ ಹೆಂಗಸೊಬ್ಬಳಿದ್ದಳು. ಅವಳ ರೊಟ್ಟಿ ಹತ್ತಿಯ ಹಾಗೆ ಉಬ್ಬುತ್ತಿತ್ತು. ಉಬ್ಬಿಸುತ್ತಿದ್ದವಳು ಅವಳಲ್ಲ ಕಣಯ್ಯ, ಅವಳ ಗಡಿಗೆಯಲ್ಲಿದ್ದ ಹುದುಗು. ದ್ರಾಕ್ಷಿಯ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಹಣ್ಣಿನ ಕಾಲದಲ್ಲಿ ತೊಳೆಯದೆ ಹಿಸುಕಿಟ್ಟು, ಆ ಜೀವಗಳಿಗೆ ವರ್ಷವಿಡೀ ಹಿಟ್ಟು ಉಣಿಸಿ ಸಾಕುತ್ತಿದ್ದಳು.

ಒಮ್ಮೆ ಬೇಲಿಯ ಪಾಪಾಸುಕಳ್ಳಿಯ ಹಣ್ಣನ್ನೂ ಹಾಗೆಯೇ ಹಿಸುಕಿಟ್ಟಳು. ಅದರಲ್ಲಿ ಬೇರೆ ಜಾತಿಯ ಜೀವಗಳು ಬೆಳೆದವು. ಅಷ್ಟರಲ್ಲಿ ಮದುವೆ ಮನೆಯೊಂದಕ್ಕೆ ರೊಟ್ಟಿ ಕೊಡಲು ಒಪ್ಪಿಕೊಂಡಳು. ಯಾವ ಹುದುಗು ಹಾಕಲಿ ಎಂದು ಗಂಡನನ್ನು ಕೇಳಿದಳು.

"ಎರಡನ್ನೂ ಒಂದೇ ಗಡಿಗೆಗೆ ಸುರಿ. ಜೋರಾಗಿದ್ದದ್ದು ಉಳಿಯುತ್ತೆ. ಉಳಿದದ್ದೇ ಒಳ್ಳೇದು" ಎಂದ ಆ ಮಹಾರಾಯ.

ಅವಳಿಗೂ ಹೌದೆನ್ನಿಸಿತು. ಒಂದು ಹನಿಯನ್ನೂ ತೆಗೆದಿಡದೆ ಸುರಿದುಬಿಟ್ಟಳು.

ಕಳ್ಳಿಹಣ್ಣಿನವು ವಿಷ ಉಗುಳುವ ಜಾತಿ. ಆ ವಿಷ ಅವಕ್ಕೆ ತಾಗುವುದಿಲ್ಲ. ದ್ರಾಕ್ಷಿಯವಕ್ಕೆ ತಾಳಿಕೊಳ್ಳಲು ಆಗಲಿಲ್ಲ, ಪಾಪ, ಒಂದೂ ಬದುಕಲಿಲ್ಲ. ಗೆದ್ದವು ಗಡಿಗೆ ತುಂಬ ಬೆಳೆದವು. ಮದುವೆಯ ದಿನ ಅವಳು ಹಿಟ್ಟು ನಾದಿಟ್ಟು ಕಾದಳು. ಹಿಟ್ಟು ಏಳಲೇ ಇಲ್ಲ. ಅವಕ್ಕೆ ಕೊಲ್ಲುವುದು ಬರುತ್ತಿತ್ತು, ಹಿಟ್ಟು ಎಬ್ಬಿಸುವುದು ಬರುತ್ತಿರಲಿಲ್ಲ. ಅಳುತ್ತ ದ್ರಾಕ್ಷಿಯ ಬಳ್ಳಿಯ ಹತ್ತಿರ ಓಡಿದಳು. ಬಳ್ಳಿ ಆಗಷ್ಟೇ ಚಿಗುರುತ್ತಿತ್ತು.

ಗುರುಪಾದಯ್ಯ ಹುಬ್ಬು ಗಂಟಿಕ್ಕಿದ. "ಹಾಗಾದರೆ ಕಳ್ಳಿಹಣ್ಣಿನದು ಕೆಟ್ಟ ಜಾತಿ ಅಂತೀರಾ, ಬುದ್ಧೀ?"

"ಛೆ ಛೆ, ಹಾಗಂತ ಯಾರಂದರು? ಕಳ್ಳಿಯ ಮೇಲಿದ್ದಾಗ ಆ ವಿಷದಿಂದಲೇ ಅವು ಬೇರೆ ಜೀವಗಳು ನುಗ್ಗದ ಹಾಗೆ ತಮ್ಮ ಹಣ್ಣನ್ನು ಕಾದುಕೊಂಡಿದ್ದವು. ಅವಳಿಗೆ ಬೇಕಾಗಿದ್ದದ್ದು ರೊಟ್ಟಿ."

ಗುರುಗಳು ಪಾಠದ ಜಗಲಿಯ ಕಡೆ ನೋಡಿದರು. ಹೋದ ವರ್ಷ ಅಲ್ಲಿ ಕೂರಲು ಜಾಗ ಸಾಲುತ್ತಿರಲಿಲ್ಲ. ವಾದದಲ್ಲಿ ಸೋತು ನೊಂದವರು ಒಬ್ಬೊಬ್ಬರಾಗಿ ಮಠ ಬಿಟ್ಟು ಹೋಗಿದ್ದರು. ಈಗ ಚಾಪೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಲಾಗಿತ್ತು.

"ಪೀಠ ಇವತ್ತೇ ತಗೊಳ್ಳಯ್ಯ, ಆದರೆ ಪಾಠ ಯಾರಿಗೆ ಹೇಳ್ತೀಯ?"