ಬೆಕ್ಕಿನ ಕಿವಿಯೋ, ಮಾಳಮ್ಮನ ಕಿವಿಯೋ

ಒಂದಾನೊಂದು ಊರಿನಲ್ಲಿ ಮನುಷ್ಯರಿಗಿಂತ ಬೆಕ್ಕುಗಳೇ ಹೆಚ್ಚು. ಆ ಊರು ಎಲ್ಲಿದೆ ಅಂತ ಕೇಳಬೇಡಿ. ಹೇಳಿದರೆ ನೀವು ನೋಡಲು ಹೊರಡುತ್ತೀರಿ. ಹೊರಟರೆ ಬೆಕ್ಕು ಅಡ್ಡ ಬರುತ್ತೆ. ಅಡ್ಡ ಬಂದರೆ ವಾಪಸ್ ಬರುತ್ತೀರಿ. ಅದಕ್ಕಿಂತ ಕೂತಲ್ಲೇ ಕೂತು ಕೇಳುವುದು ಮೇಲು.

ಆ ಊರಿನಲ್ಲಿ ಬೆಣ್ಣೆ ಮಾರುವ ಮಾಳಮ್ಮ ಅಂತ ಒಬ್ಬಳಿದ್ದಳು. ಅವಳ ಮನೆಯ ತೊಲೆಗೆ ಒಂದು ಹಗ್ಗದ ನೆಲುವು ತೂಗುಹಾಕಿತ್ತು. ನೆಲುವಿನಲ್ಲಿ ಬೆಣ್ಣೆ ಗಡಿಗೆ. ನೆಲುವಿನ ಕೆಳಗೆ ಸಾವಂತ್ರಿ ಅನ್ನುವ ಬೆಕ್ಕು, ಬೆಳಗಿನಿಂದ ಸಂಜೆವರೆಗೂ ಕತ್ತೆತ್ತಿ ಗಡಿಗೆಯನ್ನೇ ನೋಡುತ್ತಾ ಕೂತಿರುತ್ತಿತ್ತು. ಇಷ್ಟು ಬಿಟ್ಟರೆ ಮಾಳಮ್ಮನಿಗೆ ಇದ್ದ ಆಸ್ತಿ ಒಂದು ಜೊತೆ ಬುಗುಡಿ. ಅವಳ ಅವ್ವ ಸಾಯುವಾಗ ತನ್ನ ಕಿವಿಯಿಂದ ಬಿಚ್ಚಿ ಇವಳ ಕಿವಿಗೆ ಹಾಕಿದ್ದ ಬುಗುಡಿ. ಬುಗುಡಿ ಹಾಕುವುದು ಕಿವಿಯ ಮೇಲ್ತುದಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಕತೆಯೆಲ್ಲ ಆ ತುದಿಯಲ್ಲೇ ನೇತಾಡುತ್ತಿದೆ.

ಊರಿನ ದೊರೆ ಗುಡುಗಪ್ಪ ನಾಯಕ. ಅವನಿಗೆ ರಾಜ್ಯ ಬೇಡ, ಕೋಶ ಬೇಡ, ಮಾಳಮ್ಮನ ಬೆಣ್ಣೆ ಬೇಕು. ಅದೂ ಅವಳ ಜಗುಲಿ ಮೇಲೇ ಕೂತು, ಆಗತಾನೇ ಕಡೆದ ಬೆಣ್ಣೆಯನ್ನು ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನಬೇಕು. ಹೊರಟರೆ ಬೆಕ್ಕು ಅಡ್ಡ ಬರೋದು. ವಾಪಸ್ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಟರೆ ಇನ್ನೊಂದು ಬೆಕ್ಕು. ದೊರೆಯ ಹೊಟ್ಟೆಗೆ ನೀರು ಸೇರಿತೇ ಹೊರತು ಬೆಣ್ಣೆ ಸೇರಲಿಲ್ಲ. ಆಳು ಕಳಿಸಿದರೆ ಆಳಿಗೂ ಬೆಕ್ಕು ಅಡ್ಡ. ಯುದ್ಧಕ್ಕೆ ಹೊರಟಿದ್ದ ಸೈನ್ಯ ಕೂಡ ಅರಮನೆಯ ಅಂಗಳದಲ್ಲೇ ನೀರು ಕುಡಿಯುತ್ತಾ ಕೂತಿತ್ತು. ಪುಣ್ಯಕ್ಕೆ ಶತ್ರುಗಳ ಸೈನ್ಯಕ್ಕೂ ಊರ ಹೆಬ್ಬಾಗಿಲಲ್ಲಿ ಬೆಕ್ಕು ಅಡ್ಡ ಬಂದು, ಅವರೂ ನೀರು ಹುಡುಕಿಕೊಂಡು ವಾಪಸ್ ಹೋಗಿದ್ದರು.

ದೊರೆ ಮಂತ್ರಿಯನ್ನು ಕರೆದು, ಬೆಕ್ಕುಗಳನ್ನೆಲ್ಲ ಕೊಲ್ಲಿಸಿಬಿಡೋಣವೇ ಅಂತ ಕೇಳಿದ. ಮಂತ್ರಿ ಕೆನ್ನೆ ಕೆನ್ನೆ ಬಡಿದುಕೊಂಡ. ಒಂದು ಬೆಕ್ಕು ಕೊಂದರೆ ಒಂದು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು, ಊರ ಬೆಕ್ಕೆಲ್ಲ ಕೊಂದರೆ ಸಿಂಹಾಸನ ಕರಗಿಸಿದರೂ ಬಾಲಗಳಿಗೇ ಸಾಲದು ಅಂದ. ಹಾಗಾದರೆ ಇರುವ ಬೆಕ್ಕು ಇರಲಿ, ಹುಟ್ಟಬೇಕಾದ ಬೆಕ್ಕು ಹುಟ್ಟದೇ ಇರಲಿ ಅಂತ ಇಬ್ಬರೂ ಕೂತು ಒಂದು ಕಾನೂನು ಮಾಡಿದರು. ಮಾರನೆಯ ದಿನ ಡಂಗುರದವನು ಅರಮನೆಯ ಮಾಳಿಗೆ ಮೇಲೇ ನಿಂತು ಸಾರಿದ. ಬೀದಿಗಿಳಿದರೆ ಅವನಿಗೂ ಬೆಕ್ಕು ಅಡ್ಡ ಬರುತ್ತಲ್ಲ.

"ಸಾಕಿದ ಬೆಕ್ಕಿಗೆಲ್ಲ ಅರಮನೆಯ ದನದ ಡಾಕ್ಟರ ಹತ್ತಿರ ಮರಿಯಾಗದಂತೆ ಆಪರೇಷನ್ ಮಾಡಿಸತಕ್ಕದ್ದು. ಆದ ಗುರುತಿಗೆ ಬೆಕ್ಕಿನ ಕಿವಿಯ ತುದಿ ಕತ್ತರಿಸತಕ್ಕದ್ದು. ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಬೆಕ್ಕಿನ ಕಿವಿ ಕತ್ತರಿಸದಿದ್ದರೆ ಸಾಕಿದವರ ಕಿವಿ ಕತ್ತರಿಸತಕ್ಕದ್ದು. ಬೀದಿ ಬೆಕ್ಕಿಗೆ ಈ ಕಾನೂನು ಇಲ್ಲ. ಅದಕ್ಕೆ ಯಜಮಾನರಿಲ್ಲದ ಕಾರಣ ಕತ್ತರಿಸಲು ಬೇರೆ ಕಿವಿ ಸಿಗುವುದಿಲ್ಲ."

ಜನ ಕಾನೂನಿಗಿಂತ ಜಾಣರು. ಒಬ್ಬ ತನ್ನ ಬೆಕ್ಕನ್ನು ಮುಂಗುಸಿ ಅಂದ. ಇನ್ನೊಬ್ಬಳು ಇದು ಬೆಕ್ಕಲ್ಲ, ಹುಲಿಯ ಚಿಕ್ಕಮ್ಮ, ನಮ್ಮಲ್ಲಿ ನೆಂಟಳಾಗಿ ಬಂದಿದ್ದಾಳೆ ಅಂದಳು. ಮಂತ್ರಿಗೆ ಸಾಕುಸಾಕಾಗಿ ಕಾನೂನಿಗೆ ಇನ್ನೊಂದು ಸಾಲು ಸೇರಿಸಿದ. ಬೆಕ್ಕು ಅಂದರೆ ಯಾರು? ಹೊರಟವರಿಗೆ ಅಡ್ಡ ಬರುವ ಪ್ರಾಣಿಯೇ ಬೆಕ್ಕು. ಬಾಲ ಇರಲಿ ಬಿಡಲಿ, ಮೀಸೆ ಇರಲಿ ಬಿಡಲಿ, ಅಡ್ಡ ಬಂದರೆ ಬೆಕ್ಕು. ದೊರೆ ಭೇಷ್ ಅಂತ ಮೀಸೆ ತಿರುವಿ ಮುದ್ರೆ ಒತ್ತಿದ.

ಮಾಳಮ್ಮನಿಗೆ ಈ ಕಾನೂನು ಕೇಳಿ ಸಂತೋಷವೇ ಆಯಿತು. ಸಾವಂತ್ರಿ ಹೆತ್ತಾಗಲೆಲ್ಲ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತಿತ್ತು. ಏಳು ಮನೆಯವರೂ ಮಾಳಮ್ಮನ ಬಾಗಿಲಿಗೆ ಬಂದು ಜಗಳ ಆಡುತ್ತಿದ್ದರು. ಆಪರೇಷನ್ ಆದರೆ ಬೆಕ್ಕಿಗೂ ಸುಖ, ತನಗೂ ಸುಖ ಅಂತ ಅವಳು ಸಾವಂತ್ರಿಯನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಮೊರ ಮುಚ್ಚಿ, ಬುಟ್ಟಿ ಹೊತ್ತು ಹೊರಟಳು.

ಬೆಕ್ಕು ಅಡ್ಡ ಬಂತು.

ವಾಪಸ್ ಬಂದಳು, ಕೂತಳು, ನೀರು ಕುಡಿದಳು, ಹೊರಟಳು. ಬೆಕ್ಕು ಅಡ್ಡ ಬಂತು. ಕಣ್ಣು ಮುಚ್ಚಿಕೊಂಡು ಹೋಗೋಣ ಅಂದರೆ ಡಾಕ್ಟರು ಬಲು ನಿಯಮದವರು, ಅಪಶಕುನದಲ್ಲಿ ಬಂದ ಬೆಕ್ಕಿಗೆ ಕತ್ತರಿ ಮುಟ್ಟಿಸುತ್ತಿರಲಿಲ್ಲ. ದಿನವೂ ಹೊರಟಳು, ದಿನವೂ ನೀರು ಕುಡಿದಳು. ಬಾವಿ ಅರ್ಧ ಆಯಿತು. ಅಮಾವಾಸ್ಯೆ ಬಂದೇಬಿಟ್ಟಿತು.

ಅವತ್ತು ಮಾಳಮ್ಮ ಕಂಬಕ್ಕೆ ಒರಗಿ ಕೂತು ಬುಗುಡಿ ಮುಟ್ಟಿ ಮುಟ್ಟಿ ನೋಡಿಕೊಂಡು ಅತ್ತಳು. ಕಿವಿ ಹೋದರೆ ಹೋಗಲಿ, ಕೇಳುವಂಥ ಮಾತು ಊರಲ್ಲಿ ಯಾರೂ ಆಡುತ್ತಿಲ್ಲ. ಆದರೆ ತುದಿಯೇ ಹೋದರೆ ಅವ್ವನ ಬುಗುಡಿಯನ್ನು ಎಲ್ಲಿಗೆ ಹಾಕುವುದು?

ಆಗ ಮೇಲಿನಿಂದ ನೆಲುವು ಮಾತಾಡಿತು.

"ಅಳಬ್ಯಾಡ ಮಾಳವ್ವ. ನಾನು ಹುಟ್ಟಿದಾಗಿಂದ ತೂಗಾಡ್ತಾ ಇವ್ನಿ. ಮುಂದಕ್ಕೆ ಹೋದಷ್ಟೇ ಹಿಂದಕ್ಕೂ ಹೋಯ್ತೀನಿ. ಒಂದ್ ಬೆಕ್ಕಾದ್ರೂ ನಂಗೆ ಅಡ್ಡ ಬಂದದಾ? ಮುಂದಕ್ಕೆ ಹೋಗೋರ್ಗೆ ತಾನೆ ಅಡ್ಡ ಬರೋದು. ನೀನು ಹಿಂದಕ್ಕೆ ನಡಿ."

ಮಾಳಮ್ಮನಿಗೆ ಇದು ಸರಿ ಅನ್ನಿಸಿತು. ನಿಮಗೆ ಅನ್ನಿಸದಿದ್ದರೆ ನಿಮ್ಮ ಮನೆಯಲ್ಲಿ ನೆಲುವಿಲ್ಲ ಅಂತ ಅರ್ಥ. ಅವಳು ಬುಟ್ಟಿ ಹೊತ್ತು, ಬೆನ್ನನ್ನು ಅರಮನೆ ಕಡೆಗೆ ಮಾಡಿ, ಹಿಂದಹಿಂದಕ್ಕೆ ನಡೆದಳು. ಕಣ್ಣ ಮುಂದೆ ಬೆಕ್ಕುಗಳು ಹಾದು ಹೋದವು. ಆದರೆ ಅವು ಅಡ್ಡ ಬಂದದ್ದು ಅವಳು ಆಗಲೇ ನಡೆದು ಮುಗಿಸಿದ ದಾರಿಗೆ. ನಡೆಯಬೇಕಾದ ದಾರಿ ಬೆನ್ನ ಹಿಂದಿತ್ತು, ಬೆನ್ನಿಗೆ ಕಣ್ಣಿಲ್ಲ.

ದೊರೆ ಉಪ್ಪರಿಗೆಯಿಂದ ಇದನ್ನು ನೋಡಿದ. ಹಿಂದಕ್ಕೆ ನಡೆದು ಬರುವ ಹೆಂಗಸು ಎಲ್ಲೂ ನಿಲ್ಲದೆ ಬರುತ್ತಿದ್ದಾಳೆ. ಅವನ ನಾಲಿಗೆಯಲ್ಲಿ ನೀರೂರಿತು. ಪಲ್ಲಕ್ಕಿ ಬೇಡ ಅಂದ, ಚಪ್ಪಲಿಯನ್ನೂ ಮೆಟ್ಟದೆ ಬೆನ್ನು ತಿರುಗಿಸಿ ಬಾಗಿಲು ದಾಟಿದ. ಇವಳು ಹಿಂದಕ್ಕೆ ನಡೆಯುತ್ತಾ ಡಾಕ್ಟರ ಕೊಟ್ಟಿಗೆ ಕಡೆಗೆ, ಅವನು ಹಿಂದಕ್ಕೆ ನಡೆಯುತ್ತಾ ಹೆಬ್ಬಾಗಿಲ ಕಡೆಗೆ. ಅಂಗಳದ ನಟ್ಟನಡುವೆ ದೊರೆ ಅವಳ ದಾರಿಗೆ ಅಡ್ಡಲಾಗಿ ಬಂದು ಧಡಕ್ಕನೆ ಡಿಕ್ಕಿ ಹೊಡೆದ. ಬುಟ್ಟಿ ಬಿತ್ತು, ಮೊರ ಹಾರಿತು, ಸಾವಂತ್ರಿ ಚಂಗನೆ ನೆಗೆದು ಅರಮನೆಯೊಳಕ್ಕೆ ಓಡಿತು.

ಹೊತ್ತು ಕೋಟೆಯ ಗೋಡೆಗೆ ಇಳಿದಿತ್ತು. ಮಂತ್ರಿ ಬಂದು ಬೆಕ್ಕೆಲ್ಲಿ ಅಂದ. ಮಾಳಮ್ಮ ಖಾಲಿ ಬುಟ್ಟಿ ತೋರಿಸಿದಳು. ಬೆಕ್ಕಿಲ್ಲದಿದ್ದರೆ ಕಿವಿ ಕೊಡು ಅಂದ. ಡಾಕ್ಟರು ಕತ್ತರಿ ತಂದರು. ಮಾಳಮ್ಮ ಬುಗುಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಕತ್ತರ್ಸಿ ಬುದ್ಧಿ, ಬ್ಯಾಡ ಅನ್ನಕಿಲ್ಲ. ಒಂದೇ ಒಂದ್ ಮಾತು. ನಾನು ಹೊರಟಿದ್ದೆ. ನಂಗೆ ಅಡ್ಡ ಬಂದೋರು ಯಾರು?"

ಅಂಗಳದಲ್ಲಿ ನೀರು ಕುಡಿಯುತ್ತಿದ್ದ ಸೈನ್ಯ ಚೊಂಬು ಕೆಳಗಿಟ್ಟಿತು. ಮಂತ್ರಿ ತಾನೇ ಬರೆದ ಸಾಲನ್ನು ಬಾಯಲ್ಲೇ ಹೇಳಿಕೊಂಡ. ಹೊರಟವರಿಗೆ ಅಡ್ಡ ಬರುವ ಪ್ರಾಣಿಯೇ ಬೆಕ್ಕು. ಎಲ್ಲರೂ ದೊರೆಯ ಕಡೆ ನೋಡಿದರು. ಬಾಲ ಇರಲಿಲ್ಲ. ಮೀಸೆ ಇತ್ತು.

ಡಾಕ್ಟರು ಕತ್ತರಿಯನ್ನು ಬಿಸಿನೀರಿಗೆ ಅದ್ದುತ್ತಾ ಬಹಳ ಗೌರವದಿಂದ ಕೇಳಿದರು.

"ಮಹಾಸ್ವಾಮಿ, ತಾವು ಸಾಕಿದ ಬೆಕ್ಕೋ, ಬೀದಿ ಬೆಕ್ಕೋ?"

ದೊರೆ ತಿರುಗಿ ನೋಡಿದ. ಹಿಂದೆ ಅರಮನೆ, ಒಳಗೆ ಮೆತ್ತನೆ ಹಾಸಿಗೆ, ಹೊತ್ತು ಹೊತ್ತಿಗೆ ಊಟ. ಸಾಕಿದ ಬೆಕ್ಕು ಅನ್ನಲು ಇನ್ನೇನು ಬೇಕು? ಮುಂದೆ ನೋಡಿದ. ಕತ್ತರಿ. ಅವನು ಎರಡೂ ಕೈಗಳನ್ನು ಮುಂದಕ್ಕೆ ತಂದು ಮುಚ್ಚಿಕೊಂಡ, ಕಿವಿಯನ್ನಲ್ಲ.

"ಬೀದಿ ಬೆಕ್ಕು," ಅಂದ ಮೆಲ್ಲಗೆ. "ಹುಟ್ಟಿದಾಗಿನಿಂದ."

ಬೀದಿ ಬೆಕ್ಕಿಗೆ ಅರಮನೆಯಲ್ಲಿ ಏನು ಕೆಲಸ? ಬಾಗಿಲು ಕಾಯುವವನು ಛೂ ಅಂದ. ದೊರೆ ಬೀದಿಗೆ ಬಂದ. ಬೆಕ್ಕುಗಳು ಅಡ್ಡ ಬಂದವು, ಆದರೆ ಬೆಕ್ಕಿಗೆ ಬೆಕ್ಕು ಅಡ್ಡ ಬಂದರೆ ಯಾವ ಶಾಸ್ತ್ರದಲ್ಲೂ ಅಪಶಕುನವಿಲ್ಲ. ನೆಟ್ಟಗೆ ಮಾಳಮ್ಮನ ಮನೆಗೆ ಹೋದ.

ಇತ್ತ ಸಾವಂತ್ರಿ ಸಿಂಹಾಸನದ ಮೇಲೆ ಸುರುಳಿ ಸುತ್ತಿ ಮಲಗಿತ್ತು. ಅರಮನೆಯಲ್ಲಿ ಮಲಗಿದ್ದು ಸಾಕಿದ ಬೆಕ್ಕೇ ಸರಿ ಅಂತ ಡಾಕ್ಟರು ಅಲ್ಲೇ ಆಪರೇಷನ್ ಮುಗಿಸಿ, ಕಿವಿಯ ತುದಿ ಚಕ್ಕನೆ ಕತ್ತರಿಸಿದರು. ಹೊತ್ತು ಮುಳುಗಿತು. ಮಾಳಮ್ಮನ ಕಿವಿ ಉಳಿಯಿತು, ಬುಗುಡಿ ಉಳಿಯಿತು. ಅವಳು ಸಾವಂತ್ರಿಯ ತಲೆ ಸವರಿ ಮನೆಗೆ ಬಾ ಅಂದಳು. ಅದು ಕಣ್ಣು ಕೂಡ ತೆರೆಯಲಿಲ್ಲ. ಮಾಳಮ್ಮನಿಗೆ ಬೇಜಾರಾಯಿತು, ಸಿಂಹಾಸನ ಮೆತ್ತಗಿದೆ ಅಂತ ಸಮಾಧಾನವೂ ಆಯಿತು.

ಮನೆಗೆ ಬಂದು ನೋಡಿದರೆ, ನೆಲುವಿನ ಕೆಳಗೆ ಗುಡುಗಪ್ಪ ನಾಯಕ ಕತ್ತೆತ್ತಿ ಗಡಿಗೆಯನ್ನೇ ನೋಡುತ್ತಾ ಕೂತಿದ್ದ. ಅವಳು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಆಮೇಲೆ ಹಗ್ಗ ಎಳೆದು ನೆಲುವನ್ನು ಇನ್ನೊಂದು ಮೊಳ ಮೇಲಕ್ಕೆ ಕಟ್ಟಿದಳು.

ಸಾವಂತ್ರಿ ಬಹಳ ಕಾಲ ರಾಜ್ಯ ಆಳಿತಂತೆ. ಇಡೀ ದಿನ ಮಲಗಿರುತ್ತಿತ್ತು, ಯಾರಿಗೂ ಅಡ್ಡ ಬರುತ್ತಿರಲಿಲ್ಲ. ಅಂಥ ದೊರೆ ಹಿಂದೆ ಇರಲಿಲ್ಲ, ಮುಂದೆ ಬರಲಾರ ಅಂತ ಜನ ಈಗಲೂ ಹೇಳುತ್ತಾರೆ.

ಈ ಕತೆಯ ನೀತಿ ಏನಪ್ಪಾ ಅಂದರೆ, ಕಾನೂನಿಗೆ ಮುದ್ರೆ ಒತ್ತುವ ಮುಂಚೆ ಹಿಂದೆ ಕೈ ಹಾಕಿ ಬಾಲ ಇದೆಯೋ ಇಲ್ಲವೋ ನೋಡಿಕೊಳ್ಳಿ. ಅವರು ಅಲ್ಲಿ ಬೆಣ್ಣೆ ತಿನ್ನುತ್ತಿದ್ದಾರೆ, ನಾವು ಇಲ್ಲಿ ನೀರು ಕುಡಿಯುತ್ತಿದ್ದೇವೆ. ಯಾರಾದರೂ ಮನೆಗೆ ಹೊರಡುವುದಾದರೆ ಹಿಂದಕ್ಕೆ ನಡೆಯಿರಿ.