ಗಾರೆ ಕಲಿತ ಅಕ್ಷರ

ತುರ್ಕಿಯ ಅನಾತೋಲಿಯಾ ಸೀಮೆಯ ಒಂದು ಊರಿನ ಇತಿಹಾಸ ಬರೆದ ಪ್ರೊಫೆಸರರು, ಅಲ್ಲಿ ಎಲ್ಲವನ್ನೂ ಕಟ್ಟಿದವರು ತುರ್ಕರೇ ಎಂದು ಅಚ್ಚು ಹಾಕಿಸಿದರು. ಆದರೆ ಊರ ನೀರಿನ ಕಟ್ಟೆಯಲ್ಲಿ ಕಮಾನು ಹೊತ್ತ ಗೋಡೆಯ ಕಲ್ಲೊಂದರ ಮೇಲೆ, ಈ ನೀರು ತಂದವಳು ಶುಶಾನ್ ಎಂದು ಅರ್ಮೇನಿಯನ್ ಅಕ್ಷರಗಳಲ್ಲಿ ಕೆತ್ತಿತ್ತು. ಪುಸ್ತಕ ತಿದ್ದುವ ಬದಲು ಅವರು ಉಳಿಯನ್ನು ಕಳಿಸಿದರು.

“ಅಮ್ಮಾ, ನಿಮ್ಮ ಮಾತು ಪುಸ್ತಕಕ್ಕೆ ಹೊಂದುವುದಿಲ್ಲ. ಅಳಿಸಬೇಕು,” ಎಂದಿತು ಉಳಿ.

“ಅಳಿಸಪ್ಪಾ. ಕಮಾನಿನ ಭಾರ ನನ್ನ ಮೇಲಿದೆ. ನಾನು ಬಿರುಕು ಬಿಟ್ಟರೆ ನಿನ್ನ ಪ್ರೊಫೆಸರರು ಬಂದು ಹೆಗಲು ಕೊಡುತ್ತಾರೆಯೇ?” ಎಂದಿತು ಕಲ್ಲು.

ಉಳಿ ಯೋಚಿಸಿತು. ಕಮಾನಿಗೆ ಆಸರೆ ಕೊಡಿಸಿ, ಕಲ್ಲನ್ನು ಬಿಚ್ಚಿಸಿ, ಅಕ್ಷರವಿದ್ದ ಮುಖವನ್ನು ಒಳಕ್ಕೆ ತಿರುಗಿಸಿ, ಹಸಿ ಗಾರೆಯ ಮೇಲೆ ಮತ್ತೆ ಕೂರಿಸಿತು.

“ಇನ್ನು ಯಾರಿಗೆ ಓದಿಸುತ್ತೀರೋ ಓದಿಸಿ,” ಎಂದು ನಕ್ಕಿತು.

ಗೋಡೆಯೊಳಗೆ ಗಾರೆ ಪಿಸುಗುಟ್ಟಿತು: “ಅಕ್ಕಾ, ನಾನು ಶಾಲೆಗೆ ಹೋದವಳಲ್ಲ. ನಿನ್ನ ಮೈಮೇಲೆ ಏನು ಬರೆದಿದೆ?”

“ಒತ್ತಿಕೊಂಡು ನೋಡು.”

ಗಾರೆ ಒತ್ತಿಕೊಂಡಿತು. ಒಂದೊಂದು ಅಕ್ಷರದ ಕುಳಿಗೂ ಇಳಿದು ತುಂಬಿಕೊಂಡಿತು. ಸ್ವಲ್ಪ ಹೊತ್ತಿಗೆ ಗೋಡೆಯಿಂದ ಗಟ್ಟಿ ದನಿ ಕೇಳಿಸಿತು: “ಶು... ಶಾನ್. ಶುಶಾನ್ ತಂದಳು!”

ಉಳಿಗೆ ಗಾಬರಿಯಾಯಿತು. “ಯಾರದು? ಬಾಯಿ ಮುಚ್ಚಿಕೊಂಡು ಒಣಗು!”

“ಒಣಗುತ್ತೇನೆ ಸ್ವಾಮಿ,” ಎಂದಿತು ಗಾರೆ. “ನಾನು ಸುಣ್ಣದವಳು. ಒಣಗಿದಷ್ಟೂ ಗಟ್ಟಿಯಾಗುತ್ತೇನೆ.”